ಕಿಲ್ನ್‌ಗೆ ಅಷ್ಟು ಕರೆಂಟ್ ಸುಟ್ಟರೆ ಅದು ಪರಿಸರಸ್ನೇಹಿ ಹೇಗೆ?

ಹಳೆ ಬಾಟಲಿಗಳನ್ನು ಕಿಲ್ನ್‌ನಲ್ಲಿ, ಅಂದರೆ ಕರೆಂಟಿನ ಕುಲುಮೆಯಲ್ಲಿ ಕಾಯಿಸಿ ತಟ್ಟೆ, ಗೋಡೆಗೆ ಹಾಕುವ ಫಲಕ ಮಾಡುತ್ತೇನೆ ಅಂದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ಗಾಜು ಕಾಯಿಸೋಕೆ ತುಂಬಾ ಕರೆಂಟ್ ಬೇಕಲ್ವಾ? ಮತ್ತೆ ಇದೆಂಥ ಪರಿಸರಸ್ನೇಹಿ ಕಲೆ?" ಕೇಳಬೇಕಾದ ಪ್ರಶ್ನೆಯೇ. ಮರುಬಳಕೆ ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಏನೂ ಹಸಿರಾಗುವುದಿಲ್ಲ.

ನೆಟ್ಟಗಿರುವ ಬಾಟಲಿಯನ್ನು ತೊಳೆದು ಮತ್ತೆ ತುಂಬಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಅದು ಗಾಜಿನ ಕಾರ್ಖಾನೆಗೆ ವಾಪಸ್ ಹೋಗಬೇಕು. ಮರಳು, ಸೋಡಾ, ಸುಣ್ಣಕಲ್ಲಿನಿಂದ ಹೊಸ ಗಾಜು ಮಾಡಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಶೇ 10ರಷ್ಟು ಹಳೆ ಚೂರು ಸೇರಿಸಿದರೆ ಇಂಧನ ಶೇ 3ರ ಆಸುಪಾಸು ಉಳಿಯುತ್ತದೆ. ಸೋಡಾ, ಸುಣ್ಣಕಲ್ಲು ಕಾದಾಗ ಬಿಡುವ ಇಂಗಾಲದ ಡೈಆಕ್ಸೈಡ್ ಕೂಡ ತಗ್ಗುತ್ತದೆ. ನನ್ನ ಸರದಿ ಆಮೇಲೆ: ಬಾಯಿ ಚಕ್ಕೆ ಎದ್ದ ಬಾಟಲಿ, ಬಣ್ಣ ಬಣ್ಣ ಬೆರೆತ ಚೂರು, ಒಡೆದ ಕಿಟಕಿ ಗಾಜು. ಬಾಟಲಿ ತಂದುಕೊಡಲು ಬಂದವರಿಗೂ ಇದನ್ನೇ ಹೇಳುತ್ತೇನೆ. ವಾಪಸ್ ತೆಗೆದುಕೊಳ್ಳುವವರಿದ್ದರೆ ಅವರಿಗೇ ಕೊಡಿ.

ನನ್ನ ಕಿಲ್ನ್ 1,500 ಡಿಗ್ರಿಗೆ ಏರುವುದಿಲ್ಲ. ಚೂರುಗಳು ಒಂದಕ್ಕೊಂದು ಬೆಸೆಯಲು 800 ಡಿಗ್ರಿ ಹತ್ತಿರ ಸಾಕು. ಅಚ್ಚಿನೊಳಗೆ ಬಾಗಲು ಅದಕ್ಕಿಂತಲೂ ಕಡಿಮೆ. ಹಾಗಂತ ಬೀಗುವಂತಿಲ್ಲ. ಕಾರ್ಖಾನೆಯ ಕುಲುಮೆ ಹಗಲು ರಾತ್ರಿ ಆರದೆ ವರ್ಷಗಟ್ಟಲೆ ಉರಿಯುತ್ತದೆ. ಸಣ್ಣ ಕಿಲ್ನ್ ಪ್ರತಿ ಸಲವೂ ತಣ್ಣಗಿನ ಇಟ್ಟಿಗೆಯಿಂದ ಶುರು ಮಾಡಬೇಕು. ಅದಕ್ಕೇ ಒಂದು ತಟ್ಟೆಗೋಸ್ಕರ ಅದನ್ನು ಹೊತ್ತಿಸುವುದಿಲ್ಲ. ಒಳಗಿನ ಜಾಗವೆಲ್ಲ ತುಂಬುವವರೆಗೆ ಕಾಯುತ್ತೇನೆ.

ನಿಜವಾದ ದಂಡ ಯಾವುದು ಗೊತ್ತಾ? ಇಷ್ಟೆಲ್ಲ ಕಾಯಿಸಿದ ಮೇಲೆ ಸೀಳುವ ತಟ್ಟೆ. ಗಾಜು ಗಾಜೇ ಅಲ್ವಾ ಅಂತ ಕಂಡಿದ್ದನ್ನೆಲ್ಲ ಸೇರಿಸಿದರೆ ಹೀಗಾಗುತ್ತದೆ. ಕಾದಾಗ ಗಾಜು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎಷ್ಟು ಅನ್ನುವುದು ಒಂದೊಂದು ಗಾಜಿಗೆ ಒಂದೊಂದು. ಓವನ್ ಪಾತ್ರೆಯ ಬೋರೋಸಿಲಿಕೇಟ್ ಗಾಜು ಬಾಟಲಿ ಗಾಜಿನ ಅರ್ಧಕ್ಕಿಂತ ಕಡಿಮೆ ಹಿಗ್ಗುತ್ತದೆ. ಎರಡನ್ನೂ ಬೆಸೆದರೆ ಆರುವಾಗ ಎಳೆದಾಡಿಕೊಂಡು ಒಡೆಯುತ್ತವೆ. ಒಂದೇ ಹಸಿರಿನ ಎರಡು ಬಾಟಲಿಗಳೂ ಹೊಂದುತ್ತವೆ ಅಂತ ಇಲ್ಲ. ಇವತ್ತು ಸರಿಯಾಗಿ ಕಂಡದ್ದು ವಾರದ ನಂತರ ಸೀಳಬಹುದು. ಹಾಗಾಗಿ ಒಂದು ತಟ್ಟೆಗೆ ಆದಷ್ಟೂ ಒಂದೇ ಬಾಟಲಿಯ ಗಾಜು. ಬೆರೆಸಲೇಬೇಕಾದರೆ ಮೊದಲು ಸಣ್ಣ ತುಣುಕು ಬೆಸೆದು ನೋಡುತ್ತೇನೆ. ಅದನ್ನು ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು, ಪೋಲರೈಸ್ಡ್ ಕನ್ನಡಕವನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ಕಣ್ಣಿನ ಮುಂದಿಟ್ಟು ಪರದೆ ಕಪ್ಪಾಗುವವರೆಗೆ ತಿರುಗಿಸಬೇಕು. ಬೆಸುಗೆಯ ಸುತ್ತ ಬೆಳಕು ಮಿನುಗಿದರೆ ಒಳಗೆ ಒತ್ತಡ ಇದೆ ಅಂತ ಅರ್ಥ. ಆ ಜೋಡಿ ಬೇಡ.

ಆರಿಸುವುದರಲ್ಲೂ ಅವಸರ ಕೂಡದು. ಬಾಟಲಿ ಗಾಜನ್ನು 550 ಡಿಗ್ರಿ ಹತ್ತಿರ ಒಂದಷ್ಟು ಹೊತ್ತು ನಿಲ್ಲಿಸಿ, ಆಮೇಲೆ ನಿಧಾನವಾಗಿ ಇಳಿಸಬೇಕು. ಇದೇ ಅನೀಲಿಂಗ್. ಕರೆಂಟ್ ಉಳಿಸಲು ಇಲ್ಲಿ ಕತ್ತರಿ ಹಾಕಿದರೆ ಅದುವರೆಗೆ ಖರ್ಚಾದದ್ದೆಲ್ಲ ನೀರುಪಾಲು.

ಕಿಲ್ನ್ ಬೇಡದ ಕೆಲಸವೂ ಬೇಕಾದಷ್ಟಿದೆ. ಚೂರುಗಳನ್ನು ಅಂಟಿಸಿ ಚಿತ್ರ ಮಾಡುವ ಮೊಸಾಯಿಕ್ ನನಗೆ ಇಷ್ಟ, ಅದರಲ್ಲಿ ಯಾವ ಗಾಜಿನ ಪಕ್ಕ ಯಾವುದನ್ನು ಬೇಕಾದರೂ ಕೂರಿಸಬಹುದು. ಟಫನ್ಡ್ ಗಾಜು, ಅಂದರೆ ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ ಗಾಜು, ಒಡೆದಾಗ ತಾನೇ ಪುಟ್ಟ ಪುಟ್ಟ ತುಂಡಾಗಿರುತ್ತದೆ, ಕತ್ತರಿಸುವ ಶ್ರಮವೂ ಇಲ್ಲ. ಅಂಚು ಉಜ್ಜುವಾಗ ಮಾತ್ರ ನೀರು ಹಾಕುತ್ತಿರಿ, ಮಾಸ್ಕ್ ಮತ್ತು ಕನ್ನಡಕ ತೆಗೆಯಬೇಡಿ. ಮೇಲೆ ಬಣ್ಣದ ಚಿತ್ರ ಅಚ್ಚಾಗಿರುವ ಬಾಟಲಿಯಿಂದ ಊಟದ ತಟ್ಟೆ ಮಾಡಬೇಡಿ. ಆ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಅಂಥದ್ದು ಗೋಡೆ ಮೇಲಿದ್ದರೇ ಚೆಂದ.