ಬ್ಯಾಂಕಾಕ್–ಟೋಕಿಯೊ: ಹೋಗುವಾಗ ಐದೂವರೆ ಗಂಟೆ, ಬರುವಾಗ ಏಳು

ಬ್ಯಾಂಕಾಕ್‌ನಿಂದ ಟೋಕಿಯೊಗೆ ವಿಮಾನದ ದಾರಿ ಸುಮಾರು 4,600 ಕಿ.ಮೀ. ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದಾಗ ಐದೂವರೆ ಗಂಟೆಗೆ ತಲುಪಿದ್ದೆವು. ವಾಪಸು ಬರುವಾಗ ಹತ್ತಿರಹತ್ತಿರ ಏಳು ಗಂಟೆ ಹಿಡಿಯಿತು. "ಬಂದ ದಾರೀಲೇ ಹೋಗ್ತಿದೀವೇನೋ?" ಅಂತ ಅಮ್ಮ ಎರಡು ಸಲ ಕೇಳಿದಳು.

ದಾರಿ ಅದೇ, ಗಾಳಿ ಬೇರೆ. ಜಪಾನಿನ ಮೇಲೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿಯ ಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಹೋಗುವಾಗ ಬೆನ್ನು ತಳ್ಳುವ ಗಾಳಿ, ಬರುವಾಗ ಎದೆಗೆ ಹೊಡೆಯುತ್ತದೆ. ವಿಮಾನ ಕುಲುಕುವುದೂ ಈ ಭಾಗದಲ್ಲೇ ಹೆಚ್ಚು. ವಯಸ್ಸಾದವರು ಜೊತೆಗಿದ್ದರೆ ಮೊದಲೇ ಹೇಳಿಡಿ, ಸೀಟ್ ಬೆಲ್ಟ್ ಬಿಚ್ಚಲು ಬಿಡಬೇಡಿ.

ನಾವು ಮಾಡಿದ ತಪ್ಪೆಂದರೆ ರಾತ್ರಿ ವಿಮಾನ ಹತ್ತಿದ್ದು. ಹೋಟೆಲಿನ ಒಂದು ರಾತ್ರಿಯ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ ನನ್ನದು. ರಾತ್ರಿ ಹತ್ತೂವರೆಗೆ ಹೊರಟೆವು. ಟೋಕಿಯೊ ಗಡಿಯಾರ ಬ್ಯಾಂಕಾಕ್‌ಗಿಂತ ಎರಡು ಗಂಟೆ ಮುಂದೆ, ಹಾಗಾಗಿ ಇಳಿದಾಗ ಅಲ್ಲಿ ಬೆಳಗಿನ ಆರು, ನಮ್ಮ ಮೈಗೆ ಮಾತ್ರ ಇನ್ನೂ ನಾಲ್ಕು. ಊಟ ಕೊಟ್ಟು, ದೀಪ ಆರಿಸಿ, ಮತ್ತೆ ತಿಂಡಿಗೆ ಎಬ್ಬಿಸುವ ಹೊತ್ತು ಕಳೆದರೆ ನಿದ್ದೆಗೆ ಸಿಕ್ಕಿದ್ದು ಮೂರು ಗಂಟೆ. ಜಪಾನಿನ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರರವರೆಗೆ ರೂಮ್ ಕೊಡುವುದಿಲ್ಲ. ಲಗೇಜು ಅಲ್ಲಿಟ್ಟು, ಕಣ್ಣು ಎಳೆಯುತ್ತಿದ್ದ ಅಮ್ಮನನ್ನು ಚಳಿಯಲ್ಲಿ ಸುತ್ತಿಸಿದ್ದಕ್ಕೆ ಈಗಲೂ ಬೇಜಾರಿದೆ. ಅಪ್ಪ-ಅಮ್ಮನ ಜೊತೆ ಹೊರಟವರು ದಯವಿಟ್ಟು ಹಗಲಿನ ವಿಮಾನ ನೋಡಿ. ಸ್ವೆಟರ್ ಕೈಚೀಲದಲ್ಲೇ ಇರಲಿ. ಬೆವರುತ್ತ ಹತ್ತಿದವರು ಇಳಿಯುವುದು ಗಡಗಡ ನಡುಗುವ ಚಳಿಗೆ.

ಟಿಕೆಟ್ ತೆಗೆಯುವ ಮುಂಚೆ ವಿಮಾನ ನಿಲ್ದಾಣದ ಹೆಸರು ಓದಿ. ಎರಡೂ ಊರಲ್ಲಿ ಎರಡೆರಡಿವೆ. ನರಿತಾ ಟೋಕಿಯೊದ ನಡುಭಾಗದಿಂದ 60 ಕಿ.ಮೀ.ಗೂ ಹೆಚ್ಚು ದೂರ, ನರಿತಾ ಎಕ್ಸ್‌ಪ್ರೆಸ್ ರೈಲಿಗೂ ಟೋಕಿಯೊ ಸ್ಟೇಷನ್ನಿಗೆ ಒಂದು ಗಂಟೆ ಬೇಕು. ಹನೆದಾ ಊರೊಳಗೇ ಇದೆ. ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟಾದರೂ ನಾನು ಹನೆದಾ ಹಿಡಿಯುತ್ತೇನೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಊರಿನ ಪೂರ್ವಕ್ಕೆ, ಡಾನ್ ಮುಯಾಂಗ್ ಉತ್ತರಕ್ಕೆ. ಬೆಂಗಳೂರಿನಿಂದ ಬಂದು ಒಂದರಲ್ಲಿ ಇಳಿದು, ಟೋಕಿಯೊ ವಿಮಾನ ಇನ್ನೊಂದರಲ್ಲಿದ್ದರೆ, ಬ್ಯಾಂಕಾಕ್ ಟ್ರಾಫಿಕ್ಕಿನಲ್ಲಿ ನಡುವೆ ಐದಾರು ಗಂಟೆ ಇಟ್ಟುಕೊಂಡರೂ ಜಾಸ್ತಿಯಲ್ಲ. ಥಾಯ್ಲೆಂಡಿನೊಳಗೆ ಬರಬೇಕಾದ್ದರಿಂದ ಅವರ ಡಿಜಿಟಲ್ ಅರೈವಲ್ ಕಾರ್ಡನ್ನೂ ಆನ್‌ಲೈನಿನಲ್ಲಿ ತುಂಬಿರಬೇಕು. 2025ರ ಮೇ 1ರಿಂದ ಅದು ಕಡ್ಡಾಯ.

ಸಸ್ಯಾಹಾರಿಗಳು ಊಟವನ್ನು ಕನಿಷ್ಠ ಒಂದು ದಿನ ಮೊದಲೇ ಹೇಳಿಡಬೇಕು. ಬರೀ ವೆಜಿಟೇರಿಯನ್ ಅಂದರೆ ಬೇಯಿಸಿದ ತರಕಾರಿ ಬಂದೀತು, 'ಏಷ್ಯನ್ ವೆಜಿಟೇರಿಯನ್' ಅಂತ ಆರಿಸಿದರೆ ಅನ್ನ, ಪಲ್ಯ, ಸಾರಿನಂಥದ್ದು ಸಿಗುತ್ತದೆ.

ವಾಪಸು ಬೆಳಿಗ್ಗೆ ಹನ್ನೊಂದಕ್ಕೆ ಹೊರಟೆವು. ಏಳು ಗಂಟೆ ಕೂತರೂ, ಗಡಿಯಾರ ಎರಡು ಗಂಟೆ ಹಿಂದೆ ಹೋಗುವುದರಿಂದ ಬ್ಯಾಂಕಾಕ್‌ನಲ್ಲಿ ಇನ್ನೂ ಸಂಜೆ ನಾಲ್ಕು. ಈ ಕಡೆಗೆ ಬರುವಾಗ ಬಲಬದಿಯ ಕಿಟಕಿ ಸೀಟೇ ತೆಗೆದುಕೊಳ್ಳಿ. ಹೊರಟ ಸ್ವಲ್ಪ ಹೊತ್ತಿಗೆ, ಮೋಡವಿಲ್ಲದಿದ್ದರೆ, ಫ್ಯೂಜಿ ಪರ್ವತ ಕಾಣುತ್ತದೆ. ಅಮ್ಮ ಕಿಟಕಿಗೆ ಹಣೆ ಒತ್ತಿ, ಅದು ಹಿಂದೆ ಸರಿಯುವವರೆಗೂ ಮಾತಾಡಲಿಲ್ಲ.