ನರಕದಲ್ಲಿ ಬೆಳೆದ ಡಯಾನಾ, ದುಡ್ಡಿಲ್ಲದ ಬ್ರೂಸ್

27 ಅಕ್ಟೋಬರ್ 2024, ಭಾನುವಾರ

ಅಮೆರಿಕದ ಕಾಮಿಕ್ಸ್ ಪ್ರಕಾಶಕ ಸಂಸ್ಥೆ ಡಿಸಿಯ ಹೊಸ ಅಬ್ಸಲ್ಯೂಟ್ ಸರಣಿಯಲ್ಲಿ ಈ ತಿಂಗಳು ಎರಡು ಮೊದಲ ಸಂಚಿಕೆಗಳು ಬಂದಿವೆ. 9ಕ್ಕೆ ಬ್ಯಾಟ್‌ಮನ್, ಮೊನ್ನೆ ಬುಧವಾರ 23ಕ್ಕೆ ವಂಡರ್ ವುಮನ್. ಇವತ್ತು ರಜೆ, ಎರಡನ್ನೂ ಒಟ್ಟಿಗೆ ಮತ್ತೆ ಓದಿದೆ. ವಂಡರ್ ವುಮನ್ ನನಗೆ ಜಾಸ್ತಿ ಹಿಡಿಸಿತು, ಅದೂ ತುಂಬಾ ಜಾಸ್ತಿ.

ಇದು ಡಿಸಿ ಕಥೆಗಳ ದೊಡ್ಡ ಖಳ ಡಾರ್ಕ್‌ಸೈಡ್‌ನ ಶಕ್ತಿಯಿಂದ ಹುಟ್ಟಿದ ಬೇರೆಯದೇ ಲೋಕ. ಹೀರೋಗಳಿಗೆ ಹುಟ್ಟಿನಿಂದ ಸಿಕ್ಕಿದ್ದನ್ನೆಲ್ಲ ಇಲ್ಲಿ ಕಿತ್ತುಕೊಂಡಿದ್ದಾರೆ. ಬ್ಯಾಟ್‌ಮನ್ ಆಗುವ ಬ್ರೂಸ್ ವೇನ್‌ಗೆ ಆಸ್ತಿಯಿಲ್ಲ, ಬಂಗಲೆಯಿಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು, ಝೂನಲ್ಲಿ ನಡೆದ ಗುಂಡಿನ ದಾಳಿಗೆ ಬಲಿಯಾದರು. ಅಮ್ಮ ಮಾರ್ಥಾ ಬದುಕಿದ್ದಾಳೆ, ಮತ್ತು ಈ ಒಂದು ಬದಲಾವಣೆಯೇ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿತು, ಯಾಕೆಂದರೆ ರಾತ್ರಿ ಹೊಡೆದಾಡಿ ಬರುವ ಮಗನಿಗೆ ಈಗ ಕಳೆದುಕೊಳ್ಳಲು ಒಂದು ಜೀವ ಇದೆ. ಆಲ್ಫ್ರೆಡ್ ಇಲ್ಲಿ ಮನೆಯಾಳಲ್ಲ, ಗೂಢಚಾರ. ಕಥೆ ಹೇಳುವವನೂ ಅವನೇ.

ಚಿತ್ರಕಾರ ನಿಕ್ ಡ್ರಗೋಟಾ ಬಿಡಿಸಿದ ಬ್ಯಾಟ್‌ಮನ್ ಚಿತ್ರದ ಚೌಕಟ್ಟು ತುಂಬುವಷ್ಟು ದೈತ್ಯ. ಎದೆಯ ಮೇಲಿನ ಬಾವಲಿ ಚಿಹ್ನೆ ಕಳಚಿಕೊಂಡು ಕೊಡಲಿ ಆಗುತ್ತದೆ! ಆದರೆ ಸ್ಕಾಟ್ ಸ್ನೈಡರ್ ಕಥೆ ಬರೆಯುವಾಗ ಮಾತು ಜಾಸ್ತಿ. ಚಿತ್ರವೇ ಹೇಳಿದ್ದನ್ನು ಆಲ್ಫ್ರೆಡ್ ಮತ್ತೆ ಹೇಳುತ್ತಾನೆ. ಆಸ್ವಾಲ್ಡ್, ಹಾರ್ವಿ, ವೇಲನ್, ಎಡ್ಡಿ, ಅಂದರೆ ನಮಗೆ ಖಳರಾಗಿ ಗೊತ್ತಿರುವವರೆಲ್ಲ ಇಲ್ಲಿ ಬ್ರೂಸ್‌ನ ಬಾಲ್ಯದ ಗೆಳೆಯರು. ಅವರ ಜೊತೆ ಇನ್ನೂ ನಾಲ್ಕು ಪುಟ ಕೂರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈಗ ಡಯಾನಾ, ಅಂದರೆ ವಂಡರ್ ವುಮನ್. ಇಲ್ಲಿ ಅವಳಿಗೆ ತವರಾದ ಅಮೆಜಾನರ, ಅಂದರೆ ಯೋಧೆಯರ, ದ್ವೀಪವೇ ಇಲ್ಲ. ಎಳೆಗೂಸನ್ನು ಗ್ರೀಕ್ ದೇವ ಅಪೊಲೊ ನರಕಕ್ಕೆ ತಂದು ಮಾಟಗಾತಿ ಸರ್ಸಿಯ ಕೈಗೆ ಒಪ್ಪಿಸುತ್ತಾನೆ. ಸರ್ಸಿಗೆ ಮಗು ಬೇಡ. ಆಮೇಲೆ ಅವಳ ಮನಸ್ಸು ಕರಗುವುದನ್ನು ಕೆಲಿ ಥಾಂಪ್ಸನ್ ಎಷ್ಟು ನಿಧಾನವಾಗಿ, ಎಷ್ಟು ಕಡಿಮೆ ಮಾತಲ್ಲಿ ಬರೆದಿದ್ದಾರೆ ಅಂದರೆ, ಯಶೋದೆಯ ಕಥೆ ಕೇಳಿ ಬೆಳೆದ ನಮಗೆ ಸಾಕುತಾಯಿಯ ಆ ಪ್ರೀತಿ ಸುಮ್ನೆ ಒಳಗಿಳಿಯುತ್ತದೆ. ಕಥೆ ಎರಡು ಕಾಲಗಳ ನಡುವೆ ಓಡಾಡುತ್ತದೆ: ಒಂದು ಕಡೆ ನರಕದ ಬಾಲ್ಯ, ಇನ್ನೊಂದು ಕಡೆ ಅಸ್ಥಿಪಂಜರದ ರೆಕ್ಕೆಕುದುರೆ ಪೆಗಾಸಸ್ ಏರಿ, ಭಾರೀ ಕತ್ತಿ ಹಿಡಿದು ಗೇಟ್‌ವೇ ಸಿಟಿಗೆ ಇಳಿಯುವ ಡಯಾನಾ. ಚಿತ್ರ ಬಿಡಿಸಿದ ಹೇಡನ್ ಶರ್ಮನ್ ಪುಟವನ್ನು ಹೇಗೆ ಬೇಕೋ ಹಾಗೆ ಒಡೆದು ಜೋಡಿಸುತ್ತಾರೆ, ಆದರೂ ಕಣ್ಣು ಎಲ್ಲೂ ದಾರಿ ತಪ್ಪುವುದಿಲ್ಲ. ಜೋರ್ಡಿ ಬೆಲ್ಲೇರ್ ಅವರ ಬಣ್ಣಗಳಿಗೂ ಅದರಲ್ಲಿ ಪಾಲಿದೆ.

ರಾಕ್ಷಸರ ನಡುವೆ ಬೆಳೆದವಳು ಕ್ರೂರಿ ಆಗಬೇಕಿತ್ತು ಅಲ್ವಾ? ಆಗಿಲ್ಲ. ಕರುಣೆ ಹಾಗೇ ಇದೆ, ಮತ್ತು ಅದು ಎಲ್ಲಿಂದ ಬಂತು ಅಂತ ಈ ಮೊದಲ ಸಂಚಿಕೆಯಲ್ಲೇ ಕಾಣುತ್ತದೆ. ಬ್ಯಾಟ್‌ಮನ್‌ನಲ್ಲಿ ನನಗೆ ಸಿಗದೇ ಹೋಗಿದ್ದು ಇದೇ. ಅಲ್ಲಿ ಅವನ ಸಿಟ್ಟು ಕಂಡಷ್ಟು ಮನಸ್ಸು ಕಾಣಲಿಲ್ಲ.

ನವೆಂಬರ್ 6ಕ್ಕೆ ಜೇಸನ್ ಆರನ್, ರಾಫಾ ಸ್ಯಾಂಡೊವಾಲ್ ಅವರ ಸೂಪರ್‌ಮನ್ ಇದೆ, ಅದನ್ನೂ ಓದುತ್ತೇನೆ. ಒಂದು ಸಂಚಿಕೆಗೆ 4.99 ಡಾಲರ್. ಒಂದನ್ನೇ ಕೊಳ್ಳುವುದಾದರೆ ವಂಡರ್ ವುಮನ್ ತಗೊಳ್ಳಿ.