ಈ ಪುಸ್ತಕ ಯಾವ ಸಾಲಿಗೆ?

ಹೋದ ಭಾನುವಾರ ಪುಸ್ತಕದ ಬೀರು ಪೂರ್ತಿ ಖಾಲಿ ಮಾಡಿ ಧೂಳು ಹೊಡೀತಾ ಕೂತಿದ್ವಿ. ವಾಪಸ್ ಜೋಡಿಸೋ ಕೆಲಸ ನಮ್ಮನೆಯವರದ್ದು, ಅವರಿಗೆ ಎಲ್ಲಾ ವಿಂಗಡಣೆ ಆಗ್ಲೇಬೇಕು, ಪತ್ತೇದಾರಿ ಒಂದು ಸಾಲು, ಮಕ್ಕಳದ್ದು ಒಂದು ಸಾಲು, ಅಡುಗೆ ಪುಸ್ತಕ ಕೊನೇಗೆ. ಸತ್ಯಜಿತ್ ರೇ ಅವರ ದಪ್ಪ ದಪ್ಪ ಫೆಲೂದಾ ಸಂಪುಟ ಎರಡೂ ಪತ್ತೇದಾರಿ ಸಾಲಿಗೆ ಹೋದ್ವು. ಐದು ನಿಮಿಷ ಬಿಟ್ಟು ನೋಡಿದ್ರೆ ಆರನೇ ಕ್ಲಾಸಿನ ಮಗಳು ಅದನ್ನ ಎತ್ಕೊಂಡು ಹೋಗಿ ತನ್ನ ಸಾಲಲ್ಲಿ ಇಟ್ಟಿದ್ದಾಳೆ. "ಅದ್ರಲ್ಲಿ ಕೊಲೆ ಗಿಲೆ ಎಲ್ಲಾ ಇದೆ ಕಣೇ" ಅಂದ್ರು ಇವರು. "ನಾನು ಓದಿ ಆಯ್ತಪ್ಪಾ" ಅಂದ್ಲು ಅವಳು.

ನನ್ನ ಕೇಳಿದ್ರೆ ಮಗಳೇ ಸರಿ. ನಾವು ರೇ ಅಂದ್ರೆ ಪಥೇರ್ ಪಾಂಚಾಲಿ ಸಿನಿಮಾ ಅಂತ ಒಂದೇ ಮಾತಲ್ಲಿ ಮುಗಿಸ್ಬಿಡ್ತೀವಿ, ಆದ್ರೆ ಆ ಮನುಷ್ಯ ಬಂಗಾಳಿಯಲ್ಲಿ ಕಥೆ ಬರೆಯೋಕೆ ಕೂತಿದ್ದೇ 40 ವಯಸ್ಸಿಗೆ, ಅದೂ ಮಕ್ಕಳ ಪತ್ರಿಕೆಯ ಪುಟ ತುಂಬಿಸೋಕೆ ಅನ್ನೋದು ನಂಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಪತ್ರಿಕೆ ಹೆಸರು ಸಂದೇಶ್. ಅವರ ತಾತ ಉಪೇಂದ್ರಕಿಶೋರ್ 1913ರಲ್ಲಿ ಶುರು ಮಾಡಿದ್ದು, ಆಮೇಲೆ ಅಪ್ಪ ಸುಕುಮಾರ್ ರೇ ನಡೆಸಿದ್ರು. ಅಪ್ಪ 1923ರಲ್ಲಿ ತೀರ್ಕೊಂಡಾಗ ಈ ಹುಡುಗನಿಗೆ ಎರಡೂವರೆ ವರ್ಷನೂ ತುಂಬಿರ್ಲಿಲ್ಲ. ಸಂದೇಶ ಅಂದ್ರೆ ನಮಗೆ ಸುದ್ದಿ, ಬಂಗಾಳದಲ್ಲಿ ಸುದ್ದಿನೂ ಹೌದು ಸಿಹಿತಿಂಡಿನೂ ಹೌದು, ಮಕ್ಕಳ ಪತ್ರಿಕೆಗೆ ಇದಕ್ಕಿಂತ ಒಳ್ಳೆ ಹೆಸರು ಎಲ್ಲಿ ಸಿಗ್ಬೇಕು ಹೇಳಿ. ನಿಂತು ಹೋಗಿದ್ದ ಅದನ್ನ 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯ ಜೊತೆ ಸೇರಿ ರೇ ಮತ್ತೆ ಶುರು ಮಾಡಿದ್ರು. ಪತ್ರಿಕೆ ಅಂದ್ಮೇಲೆ ತಿಂಗಳು ತಿಂಗಳೂ ಏನಾದ್ರೂ ಬೇಕಲ್ಲ, ಸರಿ, ಕಥೆನೂ ಇವರೇ ಬರೆದ್ರು, ಚಿತ್ರನೂ ಇವರೇ ಬಿಡಿಸಿದ್ರು.

ಆ ವರ್ಷನೇ ಬಂದಿದ್ದು ಪ್ರೊಫೆಸರ್ ಶೊಂಕು. ಗಿರಿಡೀಹ್‌ನಲ್ಲಿ ನ್ಯೂಟನ್ ಅನ್ನೋ ಬೆಕ್ಕು ಮತ್ತೆ ಪ್ರಹ್ಲಾದ ಅನ್ನೋ ಆಳಿನ ಜೊತೆ ಇರೋ ವಿಜ್ಞಾನಿ, ಎಲ್ಲಾ ಅವನ ಡೈರಿ ರೂಪದಲ್ಲೇ ಇದೆ. ಅವನು ಒಂದು ಆಯುಧ ಕಂಡುಹಿಡೀತಾನೆ, ಹೊಡೆದ್ರೆ 33 ಗಂಟೆ ಸೀನು ನಿಲ್ಲಲ್ಲ. ಇಂಗ್ಲಿಷ್‌ನಲ್ಲಿ ಸ್ನಫ್ ಗನ್ ಅಂತ ಓದಿ ನಾನು ಸುಮ್ನೆ ಮುಂದೆ ಹೋಗಿದ್ದೆ, ಆಮೇಲೆ ಆಫೀಸಲ್ಲಿ ಬಂಗಾಳಿ ಗೆಳತಿ ಮೂಲದಲ್ಲಿ ಅದು "ನಸ್ಯಾಸ್ತ್ರ" ಅಂದ್ಲು ನೋಡಿ, ಅಲ್ಲೇ ನಗು ಬಂತು. ಬ್ರಹ್ಮಾಸ್ತ್ರ, ಆಗ್ನೇಯಾಸ್ತ್ರ, ನಶ್ಯಾಸ್ತ್ರ! ಬಂಗಾಳಿ ಮಗುಗೆ ಏನು ಮಜಾ ಸಿಗುತ್ತೋ ಅದೇ ಮಜಾ ನಮಗೂ ಸಿಗುತ್ತೆ, ಇಂಗ್ಲಿಷ್‌ನವರಿಗೆ ಇಲ್ಲ ಪಾಪ.

ಇನ್ನು ಪತ್ತೇದಾರ ಫೆಲೂದಾ. ದಾ ಅಂದ್ರೆ ಅಣ್ಣ. ಕಥೆ ಹೇಳೋನು ತೋಪ್ಶೆ, ಚಿಕ್ಕ ಹುಡುಗ, ಫೆಲೂನ ಕಸಿನ್. 1965ರಲ್ಲಿ ಡಾರ್ಜಿಲಿಂಗಲ್ಲಿ ನಡೆಯೋ ಒಂದು ಕಥೆಯಿಂದ ಶುರುವಾಗಿದ್ದು ರೇ 1992ರಲ್ಲಿ ಹೋಗೋವರೆಗೂ ನಿಲ್ಲಲಿಲ್ಲ, ಪೂರ್ತಿಯಾದವೇ 35. ಮಕ್ಕಳು ಓದೋದ್ರಿಂದ ಅಕ್ರಮ ಪ್ರೇಮ, ವಿಪರೀತ ಹೊಡೆದಾಟ ಎಲ್ಲಾ ಬಿಟ್ಟು ಪತ್ತೇದಾರಿ ಬರೆಯೋದು ಸುಲಭ ಅಲ್ಲ ಅಂತ ಅವರೇ ಬರ್ಕೊಂಡಿದ್ದಾರೆ. ನಂಗನ್ಸೋದು, ಆ ಕಟ್ಟುಪಾಡೇ ಅವರನ್ನ ಬೇರೆ ದಾರಿಗೆ ಹಚ್ಚಿತು, ಅಲ್ಲಿ ಬರೋ ಅಪರಾಧ ಎಲ್ಲಾ ಹೆಚ್ಚಾಗಿ ವಸ್ತುಗಳ ಸುತ್ತನೇ ಸುತ್ತುತ್ತೆ, ಔರಂಗಜೇಬನ ಉಂಗುರ, ಗಣೇಶನ ಮೂರ್ತಿ, ಭುವನೇಶ್ವರದ ದೇವಸ್ಥಾನದಿಂದ ಕಿತ್ತ ಯಕ್ಷಿಯ ತಲೆ. ಆ ಯಕ್ಷಿಯ ಹಿಂದೆ ಫೆಲೂದಾ ಎಲ್ಲೋರಾದ ಕೈಲಾಸ ದೇವಸ್ಥಾನದವರೆಗೂ ಹೋಗ್ತಾನೆ, ಅದು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಕಟ್ಟಿಸಿದ್ದು ಅಂತ ಮಗಳಿಗೆ ಜಂಬದಿಂದ ಹೇಳಿದೆ, ಅವಳು "ಅಮ್ಮಾ ಕಥೆ ಮಧ್ಯ ಬರ್ಬೇಡ" ಅಂದ್ಲು.

ಜಟಾಯು ಬಗ್ಗೆ ಹೇಳ್ದೆ ಇದ್ರೆ ತಪ್ಪಾಗುತ್ತೆ. ಸೋನಾರ್ ಕೆಲ್ಲಾದಲ್ಲಿ, ಅಂದ್ರೆ ಹಿಂದಿನ ಜನ್ಮದ ಚಿನ್ನದ ಕೋಟೆ ನೆನಪಿದೆ ಅನ್ನೋ ಮುಕುಲ್ ಅನ್ನೋ ಹುಡುಗನ ಹಿಂದೆ ರಾಜಸ್ಥಾನಕ್ಕೆ ಹೋಗೋ ಕಥೇಲಿ, ರೈಲಲ್ಲಿ ಸಿಗೋ ಲೇಖಕ ಅವನು. ನಿಜವಾದ ಹೆಸರು ಲಾಲ್‌ಮೋಹನ್ ಗಂಗೂಲಿ, ಬರೆಯೋದು ಬರೀ ರೋಚಕ ಕಾದಂಬರಿ, ಚೆನ್ನಾಗಿ ಖರ್ಚಾಗುತ್ತೆ, ಆದ್ರೆ ಒಳಗೆಲ್ಲಾ ತಪ್ಪು ಮಾಹಿತಿ, ಫೆಲೂದಾ ಕೂತು ತಿದ್ದಬೇಕು. ರೇ ಪತ್ತೇದಾರಿ ಬರೀತಾನೇ ಪತ್ತೇದಾರಿ ಬರೆಯೋರನ್ನ ಗೇಲಿ ಮಾಡ್ತಿದ್ದಾರೆ, ಆದ್ರೂ ಅವನ ಮೇಲೆ ನಮಗೆ ಪ್ರೀತಿ ಬರೋ ಹಾಗೆ. 1974ರಲ್ಲಿ ಸಿನಿಮಾ ಮಾಡ್ದಾಗ ಸಂತೋಷ್ ದತ್ತ ಆ ಪಾತ್ರ ಮಾಡಿದ್ರು, ಆಮೇಲೆ ರೇ ಬಿಡಿಸೋ ಚಿತ್ರದಲ್ಲಿ ಜಟಾಯುನ ಮುಖನೇ ದತ್ತರ ಥರ ಆಗೋಯ್ತು!

ಒಂದು ತಕರಾರು ಇದೆ, ಮಗಳದ್ದೇ. "ಹುಡುಗೀರೇ ಇಲ್ವಲ್ಲಮ್ಮ ಇದ್ರಲ್ಲಿ?" ನಿಜ, ಹುಡುಕಿದ್ರೂ ಸಿಗೋದು ಅಪರೂಪ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಹುಡುಗರು ಓದ್ತಾರೆ ಅಂತ ಬರೆದ್ರು ಅಂದ್ರೆ ಮಗಳು ಒಪ್ಪಲ್ಲ, ಒಪ್ಪಲೂಬಾರದು.

ಆದ್ರೆ ಎಲ್ಲಕ್ಕಿಂತ ನಂಗೆ ಇಷ್ಟ 1962ರ ಬಂಕುಬಾಬು ಕಥೆ. ಹಳ್ಳಿ ಸ್ಕೂಲಲ್ಲಿ ಭೂಗೋಳ ಹೇಳ್ಕೊಡೋ ಬಡಪಾಯಿ ಮೇಷ್ಟ್ರು, ಮಕ್ಕಳು ಬೋರ್ಡ್ ಮೇಲೆ ಅವರ ಚಿತ್ರ ಬಿಡಿಸಿ ಗೋಳು ಹೊಯ್ಕೋತಾರೆ, ಅದನ್ನ ಅವರು ಸಹಿಸ್ಕೋತಾರೆ, ಸಂಜೆ ಊರಿನ ದೊಡ್ಡ ಮನುಷ್ಯರು ಹರಟೆ ಕಟ್ಟೇಲಿ ಅವರ ಛತ್ರಿ ಚಪ್ಪಲಿ ಬಚ್ಚಿಟ್ಟು ನಗ್ತಾರೆ, ಅದು ಸಹಿಸೋಕಾಗಲ್ಲ, ಆದ್ರೂ ಹೋಗ್ತಾರೆ. ಒಂದು ರಾತ್ರಿ ಬಿದಿರು ಮೆಳೆ ಹತ್ರ ಬೇರೆ ಗ್ರಹದೋನು ಒಬ್ಬ ಸಿಗ್ತಾನೆ, ಬಂಗಾಳ ಬಿಟ್ಟು ಆಚೆ ಹೋಗಿರದ ಭೂಗೋಳದ ಮೇಷ್ಟ್ರಿಗೆ ಒಂದು ಗಾಜಿನ ಮೂಲಕ ಉತ್ತರ ಧ್ರುವ ತೋರಿಸ್ತಾನೆ, ಬ್ರೆಜಿಲ್ ಕಾಡು ತೋರಿಸ್ತಾನೆ, ಹೊರಟು ಹೋಗ್ತಾನೆ. ಮಾರನೇ ದಿನ ಬಂಕುಬಾಬು ಹರಟೆಗೆ ಹೋಗಿ ಅಲ್ಲಿದ್ದ ಒಬ್ಬೊಬ್ಬರಿಗೂ ಮುಖದ ಮೇಲೆ ಹೇಳ್ಬೇಕಾದ್ದು ಹೇಳಿ ಎದ್ದು ಬರ್ತಾರೆ. ಬಂದ ಆ ಅತಿಥಿ ಬಗ್ಗೆ ಅಲ್ಲಿ ಯಾರಿಗೂ ಒಂದಕ್ಷರ ಹೇಳಲ್ಲ. ಇದನ್ನ ಮಗಳಿಗೆ ಜೋರಾಗಿ ಓದಿ ಹೇಳ್ತಿದ್ದೆ, ಕೊನೆಗೆ ಬರೋಹೊತ್ತಿಗೆ ನನ್ನ ಗಂಟಲು ಕಟ್ಕೊಂಡು ಅವಳೇ ಪುಸ್ತಕ ತಗೊಂಡು ಓದಿ ಮುಗಿಸಿದ್ಲು.

ಅಂದಹಾಗೆ ನಶ್ಯ ಅಂದ್ರೇನು ಅಂತ ಕೇಳಿದ್ಲು ಅಂತ, ಅಮ್ಮನ ಟ್ರಂಕಿಂದ ನಮ್ಮ ತಾತನ ನಶ್ಯದ ಡಬ್ಬಿ ತೆಗೆದು ತೋರಿಸ್ದೆ. ಖಾಲಿ ಡಬ್ಬಿ, ತಾತ ಹೋಗಿ ಇಪ್ಪತ್ತು ವರ್ಷ ಆಗಿದೆ. ಮೂಸಿ ನೋಡಿ ಮೂರು ಸಲ ಸೀನಿದ್ಲು. ಈಗ ಆ ಡಬ್ಬಿನೂ ಅವಳ ಸಾಲಲ್ಲೇ ಇದೆ, ಫೆಲೂದಾ ಪಕ್ಕ, ಮೇಲೆ ಅಪ್ಪನಿಗೆ ಕಾಣೋ ಹಾಗೆ ಚೀಟಿ ಅಂಟಿಸಿದ್ದಾಳೆ: ಮುಟ್ಟಿದ್ರೆ 33 ಗಂಟೆ.